ಮೂರು ಸೀರೆಯ ಹಾಸು

ರತ್ನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಕೈ ಸುಮ್ಮನಿದ್ದರೆ ಕಾಲು ಅಲ್ಲಾಡಬೇಕು, ಕಾಲು ಸುಮ್ಮನಿದ್ದರೆ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆಯುತ್ತಿರಬೇಕು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅವಳನ್ನು ಸಾಕಿದ ಸರಸ್ವತಮ್ಮ ದಿನಕ್ಕೊಂದು ಸಲವಾದರೂ ಬೈಯುತ್ತಿದ್ದಳು: “ಲೇ ರತ್ನಿ, ಹಿಂಗೇ ಕೀಳ್ತಾ ಇರು. ಯುಗಾದಿ ಹೊತ್ಗೆ ನಿನ್ನ ಸೀರೆ ಹೋಗಿ ಟವಲ್ಲಾಯ್ತದೆ.”

ಅವಳ ಪೂರ್ತಿ ಹೆಸರು ಶಿವರತ್ನಮ್ಮ. ಆ ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಹುಟ್ಟಿದ್ದು ಹನೂರಿನಾಚೆಯ ಅಜ್ಜೀಪುರದಲ್ಲಿ. ಅಪ್ಪ ಮೂರು ಎಕರೆ ರಾಗಿ ಹೊಲದವನು. ಅವ್ವ ಯಳಂದೂರಿನ ದೊಡ್ಡ ಮನೆಯ ಹೆಣ್ಣು. ಅಣ್ಣ ಬೇಡವೆಂದ ಗಂಡನ್ನು ಮದುವೆಯಾಗಿ ಬಂದವಳು. ರತ್ನಿಗೆ ಐದು ವರ್ಷವಾದಾಗ ಊರಿಗೆ ವಾಂತಿಭೇದಿ ಬಂದು ಒಂದೇ ವಾರದಲ್ಲಿ ಇಬ್ಬರೂ ಹೋದರು. ಸೀರೆಯ ಗಂಟು ಹೊತ್ತು ಆ ಕಡೆ ವ್ಯಾಪಾರಕ್ಕೆ ಹೋಗುತ್ತಿದ್ದ ನೇಕಾರ ರಾಮಲಿಂಗಯ್ಯ, ಬೀಗ ಹಾಕಿದ ಮನೆಯ ಜಗಲಿಯ ಮೇಲೆ ಕೂತಿದ್ದ ಮಗುವನ್ನು ಕಂಡ. ಯಳಂದೂರಿನ ಸೋದರಮಾವನಿಗೆ ಎರಡು ಸಲ ಹೇಳಿ ಕಳಿಸಿದ. ಉತ್ತರ ಬರಲಿಲ್ಲ. ಕೊನೆಗೆ ಗಂಟನ್ನು ಒಂದು ಹೆಗಲಿಗೆ, ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

ಸರಸ್ವತಮ್ಮನಿಗೆ ಮಕ್ಕಳಿರಲಿಲ್ಲ. ಮಗುವನ್ನು ಮೀಯಿಸುವಾಗ ಕೊರಳಲ್ಲಿ ಲಿಂಗ ಕಟ್ಟಿದ ಬಟ್ಟೆ ಸಿಕ್ಕಿತು. ದೇವಾಂಗರ ಮನೆಯ ಹೆಂಗಸು ಒಂದು ಗಳಿಗೆ ಯೋಚಿಸಿ, “ನಿನ್ ದೇವ್ರು ನಿನ್ ಕೊರಳಲ್ಲೇ ಇರ್ಲಿ, ನಮ್ ದೇವ್ರು ಗೋಡೆ ಮೇಲಿರ್ಲಿ” ಎಂದು ತೀರ್ಮಾನ ಹೇಳಿದಳು. ಅಂದಿನಿಂದ ವರ್ಷಕ್ಕೊಮ್ಮೆ ಶಿವರಾತ್ರಿಯ ಹೊತ್ತಿಗೆ, ಮಗ್ಗದಲ್ಲಿ ಉಳಿದ ರೇಷ್ಮೆಯ ತುಂಡುಗಳನ್ನೇ ಹುರಿ ಮಾಡಿ, ಹೊಸ ಶಿವದಾರ ಕಟ್ಟುತ್ತಿದ್ದಳು.

ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ರತ್ನಿಗೆ ಹತ್ತು. ಬೀದಿಯ ತುದಿಯಲ್ಲಿ ಸಿಹಿ ಹಂಚುತ್ತಿದ್ದ ದಿನ ಅವಳು ಮೊದಲ ಬಾರಿಗೆ ಒಂದು ಇಡೀ ಹಾಸನ್ನು ಒಬ್ಬಳೇ ಕೂಡಿಸಿ ಮುಗಿಸಿದಳು. ಮಗ್ಗದಲ್ಲಿ ಉದ್ದಕ್ಕೆ ನಿಲ್ಲುವ ಎಳೆಗಳೇ ಹಾಸು. ಒಂದು ಹಾಸು ನೇಯ್ದು ತೀರುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಅದರ ಬಾಲಕ್ಕೆ ಹೊಸ ಹಾಸಿನ ತಲೆಯನ್ನು ಎಳೆಗೆ ಎಳೆ ಸೇರಿಸಿ ಹೊಸೆಯಬೇಕು. ನಾಲ್ಕು ಸಾವಿರದ ಚಿಲ್ಲರೆ ಎಳೆಗಳು, ತಲೆಗೂದಲಿಗಿಂತ ಸಣ್ಣವು. ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹಳೆಯದನ್ನೂ ಹೊಸದನ್ನೂ ಹಿಡಿದು, ಎರಡೂ ಹೆಬ್ಬೆರಳಿನಿಂದ ಒಂದು ತಿರುವು ಕೊಡಬೇಕು. ಗಂಟಿಲ್ಲ, ಅಂಟಿಲ್ಲ. ಬೇರೆಯವರು ಮೂರು ದಿನ ಮಾಡುವ ಕೆಲಸವನ್ನು ರತ್ನಿ ಒಂದೂವರೆ ದಿನದಲ್ಲಿ ಮುಗಿಸುತ್ತಿದ್ದಳು. ಅವಳ ಚಡಪಡಿಕೆ ನಿಲ್ಲುತ್ತಿದ್ದದ್ದು ಆ ಒಂದೂವರೆ ದಿನ ಮಾತ್ರ.

“ಹಣೆಗಿಟ್ಟ ವಿಭೂತಿಗಿಂತ ಬೆರಳಿಗೆ ಹಚ್ಚಿದ್ ಬೂದಿನೇ ಜಾಸ್ತಿ ಇವಳ್ದು” ಎಂದು ಸರಸ್ವತಮ್ಮ ನಗುತ್ತಿದ್ದಳು. ಅವಳ ಕೈ ಹಿಡಿದು ನೋಡಿ, “ಕೊಬ್ಬರಿ ತಿರುಳಿನಂಗೆ ನುಣ್ಣಗಾಗವೆ ಬೆರಳು” ಎನ್ನುತ್ತಿದ್ದಳು.

ಎದುರು ಮನೆಯ ಮಗ್ಗ ಚೌಡೇಶನದು. ಮನೆಯಲ್ಲಿ ಅವನು ಮತ್ತು ಅವನ ತಾಯಿ ಚಿಕ್ಕತಾಯಮ್ಮ, ಇಬ್ಬರೇ. ಬೀದಿಯ ನೇಕಾರರೆಲ್ಲ ರೇಷ್ಮೆ ಕೊಟ್ಟು ನೇಯಿಸುವ ಯಜಮಾನರಿಂದ ಆರು ಸೀರೆಗಾಗುವ ಹಾಸು ತರುತ್ತಿದ್ದರು. ಉದ್ದನೆಯ ಹಾಸಾದರೆ ಮತ್ತೆ ಮತ್ತೆ ಕೂಡಿಸುವ ರಗಳೆ ಇಲ್ಲ, ಮಗ್ಗ ನಿಲ್ಲುವುದಿಲ್ಲ. ಚೌಡೇಶ ಮಾತ್ರ ಎರಡು ವರ್ಷದಿಂದ ಮೂರು ಸೀರೆಯ ಹಾಸನ್ನೇ ಕೇಳಿ ತರುತ್ತಿದ್ದ. ಹೀಗಾಗಿ ಬೇರೆಯವರ ಮನೆಗೆ ರತ್ನಿ ಒಂದು ಸಲ ಹೋದರೆ ಅವನ ಮನೆಗೆ ಎರಡು ಸಲ ಹೋಗಬೇಕಾಗುತ್ತಿತ್ತು.

“ಯಾಕ್ಲಾ ಈ ಗಿಡ್ಡ ಹಾಸು?” ಎಂದು ಚಿಕ್ಕತಾಯಮ್ಮ ಕೇಳುತ್ತಿದ್ದಳು.

“ಉದ್ದದ್ದು ಸಿಕ್ಕಾಯ್ತದೆ ಕಣವ್ವ.”

“ಹೂಂ, ಏನ್ ಸಿಕ್ಕಾಗದೆ ಅಂತ ನಂಗೂ ಕಾಣ್ತದೆ.”

ರತ್ನಿಗೂ ಚೌಡೇಶನಿಗೂ ನಡುವೆ ಹೆಚ್ಚಿನ ಮಾತು ನಡೆದಿರಲಿಲ್ಲ. ಅವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಹಾಸನ್ನು ಬಿಗಿ ಹಿಡಿದು ಕೂರುವನು, ಇವಳು ಎದುರಿಗೆ ಕೂತು ಎಳೆ ಕೂಡಿಸುವಳು. ಒಂದೂವರೆ ದಿನ. ಕೊನೆಯ ಎಳೆಯಾದ ಮೇಲೆ ಅವನು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: “ಬೇಗ ಮುಗುಸ್ಬುಟ್ಟೆ.”

೧೯೬೫ರ ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಬೀದಿಗೊಂದು ಜೀಪು ಬಂದು ರಾಮಲಿಂಗಯ್ಯನ ಮನೆಯ ಮುಂದೆ ನಿಂತಿತು. ಇಳಿದವನು ಬಿಳಿ ಪಂಚೆ, ಕರಿ ಕೋಟಿನ ಐವತ್ತರ ಗಂಡಸು. ಯಳಂದೂರಿನ ಸದಾಶಿವಪ್ಪ. ರತ್ನಿಯ ಸೋದರಮಾವ.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕಂಡ ತಂಗಿಯ ಮಗಳನ್ನು ನೋಡಿ ಅವನು ಟವಲಿನಿಂದ ಕಣ್ಣೊರೆಸಿಕೊಂಡ. “ನನ್ ತಂಗಿ ಮೂಗು, ನನ್ ತಂಗಿ ಹಣೆ” ಎಂದ. ಸರಸ್ವತಮ್ಮ ಕೊಟ್ಟ ನೀರಿನ ಲೋಟವನ್ನು ಮುಟ್ಟದೆ ಪಕ್ಕಕ್ಕಿಟ್ಟು ವಿಷಯ ಹೇಳಿದ. ಅವನ ತಾಯಿ, ಅಂದರೆ ರತ್ನಿಯ ಅಜ್ಜಿ ಚನ್ನಮಲ್ಲಮ್ಮ, ತೀರಿಕೊಂಡಿದ್ದಾರೆ. ತವರಿನಿಂದ ಬಳುವಳಿಯಾಗಿ ಬಂದ, ಕಾಲುವೆ ಕೆಳಗಿನ ಐದು ಎಕರೆ ಗದ್ದೆಯನ್ನು ಮಗಳ ಮಗಳಿಗೆ ಉಯಿಲು ಬರೆದು ಹೋಗಿದ್ದಾರೆ.

“ಈಗ ನೀನು ಐದೆಕರೆ ನೀರಾವರಿ ಒಡತಿ ಕಣವ್ವ. ಈ ಬೂದಿ ಕೆಲ್ಸ ಸಾಕು. ನಿನ್ ಮನೆಗೆ ಬಾ.”

ಬೀದಿಯ ಮುಕ್ಕಾಲು ಪಾಲು ಜನ ಬಾಗಿಲಲ್ಲಿ ನಿಂತಿದ್ದರು. ರತ್ನಿ ಸೆರಗಿನಿಂದ ಒಂದು ಎಳೆ ಕಿತ್ತಳು.

ರಾಮಲಿಂಗಯ್ಯ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, “ಓಗವ್ವ. ನಿಮ್ಮಜ್ಜಿ ಸಾಯೋವಾಗ ನಿನ್ನ ನೆನಸ್ಕಂಡವ್ರೆ. ಅದನ್ನ ಬ್ಯಾಡ ಅನ್ನೋಕೆ ನಾವ್ಯಾರು” ಎಂದ. ಅಜ್ಜಿಯ ಮುಖ ರತ್ನಿಗೆ ಗೊತ್ತಿರಲಿಲ್ಲ. ಆದರೆ ಎಲ್ಲೋ ಒಬ್ಬ ಮುದುಕಿ ತನ್ನ ಹೆಸರನ್ನು ಇಡಿಯಾಗಿ ಹೇಳಿ ಬರೆಸಿದ್ದಾಳೆ ಅನ್ನುವುದು ಅವಳನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ.

ಎದುರು ಮನೆಗೆ ಓಡಿದಳು. ಚೌಡೇಶ ಲಾಳಿ ನಿಲ್ಲಿಸಿ ಕೂತಿದ್ದ.

“ಹದಿನೈದು ದಿನ ಅಂತೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ್ಬುಡ್ತೀನಿ.”

“ಜೀಪಲ್ಲಿ ಓದವ್ರು ಬಸ್ಸಲ್ಲಿ ಬತ್ತಾರಾ?”

“ಈ ಹಾಸು ಯಾವಾಗ ತೀರ್ತದೆ?”

“ಶಿವರಾತ್ರಿಗೆ.”

“ಹೊಸದ್ನ ನಾನೇ ಕೂಡುಸ್ತೀನಿ. ಯಾರ್ ಕೈಲೂ ಮುಟ್ಟುಸ್ಬ್ಯಾಡ.”

ಅವನು ಲಾಳಿಯನ್ನು ಕೈಗೆತ್ತಿಕೊಂಡ. ಜೀಪು ಹಾರ್ನ್ ಬಾರಿಸಿತು.

ಯಳಂದೂರಿನ ಮನೆ ದೊಡ್ಡದು. ಅದಕ್ಕೇ ಅಲ್ಲಿ ಕೈಗೆ ಕೆಲಸವಿರಲಿಲ್ಲ. ಗುಡಿಸಲು ಒಬ್ಬಳು, ಮುಸುರೆಗೆ ಒಬ್ಬಳು. ಅಜ್ಜಿಯ ಕೋಣೆಯನ್ನೇ ರತ್ನಿಗೆ ಕೊಟ್ಟರು. ಮಂಚದ ಮೇಲೆ ಕೂತಳು, ಎದ್ದಳು, ಕಿಟಕಿಗೆ ಹೋದಳು, ಮತ್ತೆ ಕೂತಳು. ಮೂರನೆಯ ದಿನಕ್ಕೆ ಅಜ್ಜಿಯ ದುಪ್ಪಟಿಯ ಅಂಚು ಒಂದು ಗೇಣು ಬಿಚ್ಚಿಹೋಗಿತ್ತು.

ಆ ಮನೆಯಲ್ಲಿ ಅವಳ ಜೊತೆ ಮಾತಾಡಿದವಳು ಸದಾಶಿವಪ್ಪನ ಮಗನ ಹೆಂಡತಿ ಪುಟ್ಟಮಲ್ಲಮ್ಮ. ಆರು ತಿಂಗಳ ಕೂಸಿನ ತಾಯಿ. ಕೂಸಿಗೆ ಹಾಲು ಕೊಡುತ್ತ ಬಾಗಿಲಿಗೆ ಬಂದು ನಿಂತು ದುಪ್ಪಟಿ ನೋಡಿದಳು. “ಬುಡು, ಅತ್ತೆ ಕಂಡ್ರೆ ಇಲಿ ಕಡಿದದೆ ಅಂತೀನಿ” ಎಂದಳು. ರತ್ನಿಗೆ ಅವಳು ಅಂದೇ ಅಕ್ಕನಾದಳು.

ಇನ್ನೊಬ್ಬ ರುದ್ರಸ್ವಾಮಿ, ಸದಾಶಿವಪ್ಪನ ಹೆಂಡತಿಯ ತಮ್ಮ. ನಲವತ್ತು ಸಮೀಪಿಸಿದ್ದ, ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ದಿನಾ ಸಂಜೆ ಗಡಿಯಾರ ಕಟ್ಟಿಕೊಂಡು ಬಂದು ನಡುಮನೆಯಲ್ಲಿ ಕೂರುತ್ತಿದ್ದ. “ಏನಮ್ಮಣ್ಣಿ, ಸೆರಗು ಕೀಳ್ತಾ ಕೂತಿದೀಯ. ಮೈಸೂರಿಂದ ಹೊಸ ಸೀರೆ ತರುಸ್ಲಾ?” ಎಂದು ಕೇಳಿದ. ಕೆಟ್ಟವನಂತೆ ಕಾಣಲಿಲ್ಲ. ಆದರೆ ಅವನು ಬಂದ ಕೂಡಲೇ ಅತ್ತೆ ರತ್ನಿಯ ಕೈಗೆ ಕಾಫಿ ಲೋಟ ಕೊಟ್ಟು ಕಳಿಸುವುದು ಯಾಕೆಂದು ಹೊಳೆಯಲು ಅವಳಿಗೆ ಎರಡು ಸಂಜೆ ಸಾಕಾಯಿತು.

“ಯುಗಾದಿ ಕಳುದ್ ಮೇಲೆ ಲಗ್ನ ಅಂತ ಮಾವ ಮಾತಾಡವ್ರೆ” ಎಂದು ಪುಟ್ಟಮಲ್ಲಮ್ಮ ತೊಟ್ಟಿಲು ತೂಗುತ್ತ ಹೇಳಿದಳು.

“ನನ್ನ ಕೇಳ್ನೇ ಇಲ್ಲ?”

“ನನ್ನೂ ಕೇಳಿರ್ನಿಲ್ಲ.”

ವಾರದ ನಂತರ ಸದಾಶಿವಪ್ಪ ಅವಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದ. ಎರಡು ಕಾಗದ ಸಿದ್ಧವಾಗಿದ್ದವು. “ಎರಡೂ ಒಂದೇ ಕಣವ್ವ, ಕಚೇರಿಗೊಂದು, ನಮಗೊಂದು” ಎಂದ. ಗುಮಾಸ್ತ ಅವಳ ಎಡ ಹೆಬ್ಬೆರಳಿಗೆ ಮಸಿ ಹಚ್ಚಿ, ತನ್ನ ಪುಸ್ತಕದಲ್ಲಿ ಮೊದಲು ಒತ್ತಿಸಿದ. ಕರಿಯ ಬೊಟ್ಟೊಂದು ಬಿತ್ತು. ಒರೆಸಿ ಮತ್ತೆ ಒತ್ತಿಸಿದ. ಮತ್ತೆ ಬೊಟ್ಟು. ಬಲಗೈ ನೋಡಿದ, ತೋರುಬೆರಳು ನೋಡಿದ. ಕನ್ನಡಕ ಹಣೆಗೇರಿಸಿ ಅವಳ ಬೆರಳನ್ನು ಬೆಳಕಿಗೆ ಹಿಡಿದ.

“ಸಾರ್, ಈಯಮ್ಮನ ಬೆರಳಲ್ಲಿ ಗೆರೇನೇ ಇಲ್ಲ!”

ಅಧಿಕಾರಿ ಕುರ್ಚಿಯಿಂದ ಎದ್ದು ಬಂದ. “ಏನು ಕೆಲಸ ಮಾಡ್ತೀರಮ್ಮ?”

“ಎಳೆ ಕೂಡುಸ್ತೀನಿ ಸಾ. ರೇಷ್ಮೆದು.”

ಒಂಬತ್ತು ವರ್ಷ ಬೂದಿಯಲ್ಲಿ ರೇಷ್ಮೆ ಹೊಸೆದು ಹೊಸೆದು ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಅಧಿಕಾರಿ ಗಲ್ಲ ಕೆರೆದುಕೊಂಡ. “ಬೊಟ್ಟನ್ನೇ ಹೆಬ್ಬೆಟ್ಟು ಅಂತ ಬರೆದುಕೊಳ್ಳಬಹುದು. ಆದರೆ ನಾಳೆ ಯಾರಾದರೂ ಕೋರ್ಟಿಗೆ ಹೋಗಿ ಇದು ಅವಳದಲ್ಲ ಅಂದರೆ ನಿಲ್ಲೋದು ಕಷ್ಟ. ಸಹಿ ಕಲಿಸಿಕೊಂಡು ಬನ್ನಿ ಸದಾಶಿವಪ್ಪನೋರೆ.”

ಕೋರ್ಟು ಅಂದದ್ದೇ ಸದಾಶಿವಪ್ಪ ಒಪ್ಪಿಕೊಂಡ. ಅವನಿಗೆ ಕಾಗದ ಗಟ್ಟಿಯಾಗಿರಬೇಕಿತ್ತು. ಮನೆಗೆ ಬಂದವನೇ ಸೊಸೆಯನ್ನು ಕರೆದ. “ನೀನು ಮಿಡ್ಲ್ ಸ್ಕೂಲ್ ಓದಿದೀಯಲ್ಲ. ಇವಳ್ಗೆ ಹೆಸರು ಬರಿಯೋದು ಕಲ್ಸು. ಹೆಸರೊಂದೇ ಸಾಕು.”

ಮಾರನೆಯ ದಿನದಿಂದ ಸ್ಲೇಟು ತೊಟ್ಟಿಲ ಪಕ್ಕಕ್ಕೆ ಬಂತು. ಪುಟ್ಟಮಲ್ಲಮ್ಮ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ಬರೆದು ತೋರಿಸುವಳು. ರತ್ನಿಗೆ ಅಕ್ಷರವೆಂದರೆ ಸೀರೆಯ ಬುಟ್ಟಾ. ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ, ಎಷ್ಟು ಎಳೆ ಬಿಟ್ಟು ಮುಂದಿನದು ಶುರುವಾಗುತ್ತದೆ ಎಂದು ಕಣ್ಣಿನಲ್ಲೇ ಎಣಿಸಿ ಇಟ್ಟುಕೊಂಡಳು. ಹತ್ತು ದಿನಕ್ಕೆ ಶಿವರತ್ನಮ್ಮ ಎಂದು ಬರೆದಳು. ಬರೆದು, ಆ ಹೆಸರನ್ನು ಬೇರೆ ಯಾರದೋ ಮುಖ ನೋಡಿದಂತೆ ಬಹಳ ಹೊತ್ತು ನೋಡಿದಳು.

“ಸಾಕಾ?” ಎಂದಳು ಪುಟ್ಟಮಲ್ಲಮ್ಮ.

“ಅಜ್ಜಿ ಹೆಸರು ಹೆಂಗೆ ಬರಿಯೋದಕ್ಕ?”

ಪುಟ್ಟಮಲ್ಲಮ್ಮ ನಡುಮನೆಯ ಕಡೆ ಒಮ್ಮೆ ನೋಡಿ, ಚನ್ನಮಲ್ಲಮ್ಮ ಎಂದು ಬರೆದಳು. ಆಮೇಲೆ ಕೂಸಿನ ಹೆಸರು. ಮಾವನ ಹೆಸರು. ದಿನಕ್ಕೊಂದು ಹೆಸರಾಯಿತು. ಒಂದು ಮಧ್ಯಾಹ್ನ ಪುಟ್ಟಮಲ್ಲಮ್ಮ ತಾನಾಗಿಯೇ ರುದ್ರಸ್ವಾಮಿ ಎಂದು ಬರೆದಳು.

“ಇದ್ಯಾಕಕ್ಕ?” ರತ್ನಿಯ ಮುಖ ಗಂಟಿಕ್ಕಿತು.

“ಕಲ್ತಿರು. ನಮ್ಮಪ್ಪ ಮದ್ವೇಲಿ ನಂಗೆ ಒಂದೆಕರೆ ತೋಟ ಬರ್ದಿದ್ರು. ಮದ್ವೆಯಾದ್ ವಾರಕ್ಕೆ ಮಾವ ಒಂದ್ ಕಾಗದ ತಂದು ಸೈನ್ ಹಾಕು ಅಂದ್ರು. ನಂಗೆ ಓದೋಕೆ ಬತ್ತಿತ್ತು ಕಣೆ, ಆದ್ರೂ ಓದ್ದೆ ಹಾಕ್ದೆ.” ಕೂಸು ಅತ್ತಿತು. ಅವಳು ಅದರ ಬೆನ್ನು ತಟ್ಟುತ್ತ ಸಣ್ಣ ದನಿಯಲ್ಲಿ ಮುಂದುವರಿಸಿದಳು. “ನಿಮ್ಮಜ್ಜಿ ಓಗಿ ಎರಡ್ ವರ್ಷ ಆಯ್ತು. ಉಯಿಲು ಮಾವನ ಪೆಟ್ಗೆ ತಳದಲ್ಲೇ ಇತ್ತು. ಈಗ ಒಬ್ಬರ ಹೆಸರಲ್ಲಿ ಇಷ್ಟೇ ಜಮೀನಿರ್ಬೇಕು ಅಂತ ಕಾನೂನು ಬತ್ತದಂತೆ. ಅದುಕ್ಕೆ ಉಯಿಲು ಎದ್ದು ಬಂತು, ನೀನೂ ನೆಪ್ಪಾದೆ.”

ರತ್ನಿ ಸ್ಲೇಟನ್ನು ಒರೆಸಿದಳು. ಮತ್ತೆ ಬರೆದಳು.

ಶಿವರಾತ್ರಿ ಕಳೆದು ವಾರವಾದ ಮೇಲೆ ರಾಮಲಿಂಗಯ್ಯ ಬಂದ. ಸರಸ್ವತಮ್ಮ ಕಳಿಸಿದ ಹೊಸ ಶಿವದಾರ ಅವನ ಜೇಬಿನಲ್ಲಿತ್ತು. ಅವನನ್ನು ಜಗಲಿಯಲ್ಲೇ ಕೂರಿಸಿದ್ದರು. ರತ್ನಿಯೂ ಜಗಲಿಗೇ ಬಂದು ನೆಲದ ಮೇಲೆ ಕೂತಳು.

“ಚೌಡೇಶಂದು ಹಾಸು ತೀರ್ತು. ಹೊಸದು ತಂದು ಮಡ್ಗವ್ನೆ. ಕೂಡ್ಸಕ್ಕೆ ಯಾರನ್ನೂ ಬುಡ್ತಾ ಇಲ್ಲ. ಮಗ್ಗ ನಿಂತದೆ. ಅವ್ರವ್ವ ದಿನಾ ಬೀದೀಲಿ ನಿಂತು ಬೈತಾ ಅವ್ಳೆ.” ರಾಮಲಿಂಗಯ್ಯ ಅವಳ ಮುಖ ನೋಡದೆ ಹೇಳಿದ. “ಯುಗಾದಿ ಮಾರನೇ ದಿನದೊಳ್ಗೆ ಮಗ್ಗ ನಡೀದಿದ್ರೆ ಹಾಸ್ನ ಬೇರೆಯವ್ರಿಗೆ ಕೊಡ್ತೀನಿ, ನಿಂಗೆ ಇನ್ ಕೆಲ್ಸ ಇಲ್ಲ ಅಂದವ್ರೆ ಯಜಮಾನ್ರು.”

ಅಂದಿನಿಂದ ಅವಳು ರಾತ್ರಿ ಹಗಲೆನ್ನದೆ ದಿನ ಎಣಿಸಿದಳು. ಕಚೇರಿಗೆ ಯಾವಾಗ ಎಂದು ಮಾವನನ್ನು ಕೇಳಿದರೆ, “ಅಧಿಕಾರಿ ದಿನ ಕೊಡ್ಬೇಕು” ಎನ್ನುತ್ತಿದ್ದ. ಕೊನೆಗೂ ದಿನ ಸಿಕ್ಕಿದ್ದು ಯುಗಾದಿಯ ಹಿಂದಿನ ದಿನ.

ಹೊರಡುವಾಗ ಪುಟ್ಟಮಲ್ಲಮ್ಮ ಕೂಸಿನ ಕೈ ಹಿಡಿದು ಟಾಟಾ ಮಾಡಿಸಿದಳು. “ನಿಧಾನಕ್ಕೆ ಬರಿ” ಎಂದಳಷ್ಟೇ.

ಕಚೇರಿಯಲ್ಲಿ ಅದೇ ಎರಡು ಕಾಗದ. ರುದ್ರಸ್ವಾಮಿಯೂ ಬಂದು ಬೆಂಚಿನ ಮೇಲೆ ಕೂತಿದ್ದ. ಗುಮಾಸ್ತ ಮೊದಲನೆಯ ಕಾಗದದ ಮೇಲೆ ಬೆರಳಿಟ್ಟು, “ಇಲ್ಲಿ ಸಹಿ” ಎಂದ. ರತ್ನಿ ಲೇಖನಿ ಹಿಡಿದಳು. ಬರೆಯಲಿಲ್ಲ. ಎರಡನೆಯ ಕಾಗದವನ್ನೂ ಎಳೆದು ಮೊದಲನೆಯದರ ಪಕ್ಕದಲ್ಲಿ ಹಾಸಿದಳು.

“ಏನವ್ವ ನೋಡ್ತೀಯ, ಎರಡೂ ಒಂದೇ” ಎಂದ ಸದಾಶಿವಪ್ಪ.

ಒಂದೇ ಹಾಸಿನಲ್ಲಿ ನೇಯ್ದ ಎರಡು ಸೀರೆಯಾದರೆ ಬುಟ್ಟಾ ಬಿದ್ದ ಕಡೆಯೇ ಬೀಳಬೇಕು. ಅವಳು ಸಾಲು ಸಾಲಾಗಿ ಬೆರಳು ಇಳಿಸಿದಳು. ಮೊದಲನೆಯದರಲ್ಲಿ ಅಜ್ಜಿಯ ಹೆಸರಿತ್ತು, ಅದರ ಕೆಳಗೆ ತನ್ನದು. ಎರಡನೆಯದರಲ್ಲಿ ತನ್ನ ಹೆಸರು ಮೇಲೆ ಹೋಗಿತ್ತು. ಅದರ ಕೆಳಗೆ, ಸ್ಲೇಟಿನ ಮೇಲೆ ಎಷ್ಟೋ ಸಲ ಒರೆಸಿ ಬರೆದಿದ್ದ ಹೆಸರು. ಇನ್ನೂ ಕೆಳಗೆ ಮತ್ತೊಮ್ಮೆ. ಮತ್ತೊಮ್ಮೆ.

ಅವಳ ಕಾಲು ಮೇಜಿನ ಕೆಳಗೆ ಅಲ್ಲಾಡತೊಡಗಿತು.

“ಸಾ, ಈ ಕಾಗದದಲ್ಲಿ ರುದ್ರಸ್ವಾಮಿ ಹೆಸರು ಯಾಕದೆ?”

ಕಚೇರಿಯಲ್ಲಿ ಟೈಪಿಂಗ್ ಯಂತ್ರದ ಸದ್ದು ನಿಂತಿತು. ಅಧಿಕಾರಿ ಸದಾಶಿವಪ್ಪನನ್ನು ನೋಡಿ, ಅವಳನ್ನು ನೋಡಿದ. “ನಿಮಗೆ ಗೊತ್ತಿಲ್ವೇನಮ್ಮ? ಮೊದಲನೇದು, ಉಯಿಲಿನ ಪ್ರಕಾರ ಗದ್ದೆ ನಿಮಗೆ ಬಂತು ಅಂತ. ಎರಡನೇದು, ಆ ಗದ್ದೆಯನ್ನ ನೀವು ರುದ್ರಸ್ವಾಮಿಯವರಿಗೆ ಬಿಟ್ಟುಕೊಟ್ಟಿದ್ದೀರಿ ಅಂತ.”

“ನಾನು ಬುಟ್ಟಿಲ್ಲ.”

“ಏ, ನಾಳೆ ನಿನ್ ಗಂಡ ಆಗೋನೇ ಅಲ್ವೇನೆ ಅವ್ನು!” ಸದಾಶಿವಪ್ಪ ದನಿ ಏರಿಸಿದ. “ಗಂಡನ್ ಹೆಸರಲ್ಲಿದ್ರೇನು, ನಿನ್ ಹೆಸರಲ್ಲಿದ್ರೇನು?”

“ಹಂಗಾದ್ರೆ ನನ್ ಹೆಸರಲ್ಲೇ ಇರ್ಲಿ ಮಾವ. ಮದ್ವೆಗೂ ನಾನು ಹೂಂ ಅಂದಿಲ್ಲ.”

ಬೆಂಚಿನಿಂದ ರುದ್ರಸ್ವಾಮಿ ಎದ್ದು ನಿಂತ. ಎಲ್ಲರೂ ಅವನತ್ತ ತಿರುಗಿದರು. ಅವನು ಗಡಿಯಾರ ನೋಡಿಕೊಂಡು, “ಬಾವ, ನೀವು ಹುಡುಗಿ ಒಪ್ಪವ್ಳೆ ಅಂದಿದ್ರಿ” ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ರತ್ನಿ ಮೊದಲನೆಯ ಕಾಗದದ ಮೇಲೆ, ನಿಧಾನವಾಗಿ, ಶಿವರತ್ನಮ್ಮ ಎಂದು ಬರೆದಳು. ಎರಡನೆಯದನ್ನು ಮಡಿಸಿ ಮಾವನ ಮುಂದೆ ಇಟ್ಟಳು. ಅವನು ಮೊದಲನೆಯದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಉಯಿಲನ್ನು ತಾನೇ ತಂದು ಕಚೇರಿಯ ಮುಂದಿಟ್ಟಿದ್ದ, ಕಾನೂನು ಬರುವ ಮೊದಲು ಗದ್ದೆ ತನ್ನ ಲೆಕ್ಕದಿಂದ ಹೋಗಲೇಬೇಕಿತ್ತು. ಗುಮಾಸ್ತ ಪದ್ಧತಿಯಂತೆ ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ಪುಸ್ತಕದಲ್ಲಿ ಒತ್ತಿಸಿದ.

“ಅರೆ!” ಎಂದ. ಈ ಸಲ ಬೊಟ್ಟು ಬೀಳಲಿಲ್ಲ. ಸಣ್ಣ ಸಣ್ಣ ಗೆರೆಗಳು ಸುಳಿ ಸುಳಿಯಾಗಿ ಮೂಡಿದ್ದವು. ಕೆಲಸವಿಲ್ಲದೆ ಕೂತ ಎರಡೂವರೆ ತಿಂಗಳಲ್ಲಿ ಅವಳ ಹೆಬ್ಬೆಟ್ಟು ಮರಳಿ ಬಂದಿತ್ತು.

“ಇನ್ ನಮ್ಮನೆ ಹೊಸಲು ತುಳೀಬ್ಯಾಡ” ಎಂದು ಮೆಟ್ಟಿಲ ಮೇಲೆ ಸದಾಶಿವಪ್ಪ ಹೇಳಿದ.

“ಅಕ್ಕನ ಕೂಸ್ನ ಒಂದ್ಸಲ ನೋಡ್ಕಂಡು...”

ಜೀಪು ಹೊರಟಾಗಿತ್ತು. ಅದೊಂದು ನೋವು ಅವಳ ಜೊತೆ ಉಳಿಯಿತು. ಮುಂದೆ ಗದ್ದೆಯನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು, ಪ್ರತಿ ಸುಗ್ಗಿಗೆ ಯಳಂದೂರಿಗೆ ಹೋದಾಗಲೆಲ್ಲ ಆ ಮನೆಯ ಹಿಂದಿನ ಓಣಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದಳು. ಒಂದು ಸಲ, ಹಲವು ವರ್ಷದ ಮೇಲೆ, ಹಿತ್ತಲ ಬಾಗಿಲಿನಿಂದ ಒಂದು ಸ್ಲೇಟು ಹಿಡಿದ ಕೈ ಆಚೆ ಬಂದು ಅಲ್ಲಾಡಿತು. ಅದರ ಮೇಲೆ ಅವಳ ಹೆಸರಿತ್ತು.

ಕಚೇರಿಯಿಂದ ಹೊರಬಿದ್ದ ಆ ದಿನ ಕೊಳ್ಳೇಗಾಲದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಅವಳು ಹತ್ತಿ ಕೂತಳು, ಇಳಿದಳು, ಡ್ರೈವರನ್ನು ಕೇಳಿದಳು, ಮತ್ತೆ ಹತ್ತಿದಳು. “ಕೂತ್ಕಳವ್ವ, ನೀನು ಹತ್ತಿ ಇಳುದ್ರೆ ಬಸ್ಸು ಬೇಗ ಓಯ್ತದಾ?” ಎಂದ ಕಂಡಕ್ಟರು. ಊರು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ನಾಳೆಯ ಹಬ್ಬಕ್ಕೆ ಬೀದಿಯಲ್ಲಿ ಮಾವಿನ ಸೊಪ್ಪು ಕಟ್ಟುತ್ತಿದ್ದರು. ತಮ್ಮ ಮನೆಯ ಬಾಗಿಲಲ್ಲಿ ಸರಸ್ವತಮ್ಮ ನಿಂತದ್ದು ಕಂಡಿತು. “ಅವ್ವ, ಬಂದೆ ಇರು” ಎಂದು ಕೂಗಿ ಎದುರು ಮನೆಗೆ ನುಗ್ಗಿದಳು.

ಚಿಕ್ಕತಾಯಮ್ಮ ಹೊಸಲಿಗೆ ಅರಿಶಿನ ಬಳಿಯುತ್ತಿದ್ದಳು. ಕೈಯೆತ್ತದೆ, ಎದ್ದೇಳದೆ, “ಓಹೋ, ಐದೆಕರೆ ಒಡತಿ! ಜೀಪೆಲ್ಲಿ?” ಎಂದಳು.

“ಬಸ್ಸಲ್ಲಿ ಬಂದೆ ಅತ್ತೆ.”

ಅತ್ತೆ ಎಂದದ್ದು ಬಾಯಿ ತಪ್ಪಿಯೋ ಬೇಕೆಂದೋ ಅವಳಿಗೇ ತಿಳಿಯಲಿಲ್ಲ. ಚಿಕ್ಕತಾಯಮ್ಮನ ಕೈ ಹೊಸಲಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಚೌಡೇಶ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಹೊಸ ಹಾಸಿನ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದ. ರತ್ನಿ ಎದುರಿಗೆ ಕೂತು ಮೊದಲ ಎರಡು ಎಳೆ ಹಿಡಿದು ತಿರುವಿದಳು. ರೇಷ್ಮೆ ಅವಳ ಹೆಬ್ಬೆರಳಿನ ಹೊಸ ಗೆರೆಗಳಿಗೆ ಸಿಕ್ಕಿಕೊಂಡು ಪಟ್ಟನೆ ತುಂಡಾಯಿತು. ಎರಡನೆಯದೂ ತುಂಡಾಯಿತು. ಒಂಬತ್ತು ವರ್ಷದಲ್ಲಿ ಹೀಗಾದದ್ದಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

“ಕೈ ಒರಟಾಗೋಯ್ತು. ನಾಡಿದ್ದಿಗೆ ಮುಗಿಯಾಕಿಲ್ಲ.”

“ಕೂಡ್ಸಕ್ಕೆ ಶುರುವಾಗದೆ ಅಂದ್ರೆ ಮಗ್ಗ ನಡೀತದೆ ಅಂತ್ಲೇ ಲೆಕ್ಕ. ನಾನು ಯಜಮಾನ್ರಿಗೆ ಹೇಳ್ತೀನಿ.”

ಅವಳು ಹಾಸಿನ ಸುರುಳಿಯ ಕಡೆ ನೋಡಿದಳು. ಎಂದಿನದಕ್ಕಿಂತ ದಪ್ಪವಾಗಿತ್ತು.

“ಇದು ಆರು ಸೀರೇದು!”

“ಹೂಂ.”

“ಮೂರು ಸೀರೇದು ಬ್ಯಾಡ್ವಾಯ್ತಾ?”

“ಗಿಡ್ಡದು ಇನ್ಯಾಕೆ?” ಚೌಡೇಶ ಎಳೆಗಳನ್ನೇ ನೋಡುತ್ತ ಹೇಳಿದ. “ಮನೇಲೇ ಇರ್ತೀಯಲ್ಲ.”

ಅವಳು ತುಂಡಾದ ಎಳೆಯ ತುದಿಯನ್ನು ಹುಡುಕುತ್ತಿದ್ದಳು. ಹಿಂದಿನಿಂದ ಚಿಕ್ಕತಾಯಮ್ಮ ಬಂದು, ಅರಿಶಿನದ ಕೈಯಲ್ಲೇ, ಬೂದಿಯ ಬಟ್ಟಲನ್ನು ಅವಳ ಮೊಣಕಾಲ ಬಳಿ ಇಟ್ಟುಹೋದಳು.